ಹಸಿ ಎಷ್ಟು ಆಳಕ್ಕೆ ಇಳಿಯಿತು?

ಅಮೆರಿಕದ ಅರಿಜೋನಾದಲ್ಲಿ, ಟುಸಾನ್ ಊರಿನ ಮಗ್ಗುಲಿಗಿರುವ ಟುಮಾಮಾಕ್ ಗುಡ್ಡದ ಮೇಲೆ 1903ರಲ್ಲಿ ಕಾರ್ನೆಗಿ ಸಂಸ್ಥೆ ಒಂದು ಮರುಭೂಮಿ ಪ್ರಯೋಗಾಲಯ ಕಟ್ಟಿತು. ಕುರುಚಲು ಗಿಡಗಳ ನೀರಿನ ಲೆಕ್ಕ ಒಂದು ಶಾಸ್ತ್ರವಾಗಿ ಬೆಳೆಯತೊಡಗಿದ್ದು ಹೆಚ್ಚುಕಡಿಮೆ ಅಲ್ಲಿಂದ. ಮೊದಲ ತಲೆಮಾರಿನವರ ಕುತೂಹಲವೆಲ್ಲ ಗಿಡದ ಮೇಲೆಯೇ ಇತ್ತು. ಇಷ್ಟು ನೀರಿನಲ್ಲಿ ಇದು ಹೇಗೆ ಬದುಕುತ್ತದೆ? ಎಲೆಯ ಮೇಣ, ಮುಳ್ಳು, ಬೇರಿನ ಉದ್ದ ಇವೇ ಚರ್ಚೆ. ಬೇರಿನ ವಿಷಯದಲ್ಲಂತೂ ನಂಬಲು ಕಷ್ಟವಾಗುವ ಸಂಗತಿಗಳು ಸಿಕ್ಕವು. ಟುಸಾನ್ ಸಮೀಪದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಮೆಸ್ಕಿಟ್ ಗಿಡದ ಬೇರು ಕಂಡದ್ದು 1963ರಲ್ಲಿ ವರದಿಯಾಯಿತು.

ಗಿಡದಿಂದ ಮಣ್ಣಿನ ಕಡೆಗೆ ನೋಟ ಹೊರಳಲು ಕಾರಣರಾದವರಲ್ಲಿ ಜರ್ಮನಿಯ ಹೈನ್ರಿಖ್ ವಾಲ್ಟರ್ ಮುಖ್ಯರು. ಆಫ್ರಿಕಾದ ನೈರುತ್ಯ ಭಾಗದ ಒಣನೆಲಗಳನ್ನು ಅಭ್ಯಾಸ ಮಾಡಿದ ಅವರು 1930ರ ದಶಕದ ಕೊನೆಗೆ ಒಂದು ಸರಳ ವಿವರಣೆ ಕೊಟ್ಟರು: ಮೇಲಿನ ಪದರದ ಹಸಿ ಹುಲ್ಲಿಗೆ, ಅದನ್ನು ದಾಟಿ ಕೆಳಗಿಳಿದದ್ದು ಪೊದೆಗೆ. ಈ ಎರಡು ಪದರಗಳ ಸಿದ್ಧಾಂತಕ್ಕೆ ಆಮೇಲೆ ಅಪವಾದಗಳು ಸಾಕಷ್ಟು ಸಿಕ್ಕಿವೆ, ಆದರೂ ಅದನ್ನು ಪೂರ್ತಿ ಕೈಬಿಡಲು ಯಾರಿಗೂ ಆಗಿಲ್ಲ. 1973ರಲ್ಲಿ ಇಸ್ರೇಲಿನ ಇಮ್ಯಾನುಯೆಲ್ ನೋಯ್-ಮೇರ್ ಬರೆದ ಸಮೀಕ್ಷೆ ಇದಕ್ಕೆ ಕಾಲದ ಆಯಾಮ ಸೇರಿಸಿತು. ಒಣನೆಲದಲ್ಲಿ ನೀರು ಬರುವುದು ಬಿಡಿ ಬಿಡಿಯಾಗಿ. ಎರಡು ಮಳೆಗಳ ನಡುವಿನ ಅವಧಿಯಲ್ಲಿ ಏನಾಗುತ್ತದೆ ಎಂಬುದರ ಮೇಲೆ ಅಲ್ಲಿನ ಬದುಕು ನಿಂತಿದೆ. ವಾರ್ಷಿಕ ಸರಾಸರಿ ಮಳೆಯ ಅಂಕಿ ಅಲ್ಲಿಗೆ ಅರ್ಧ ಅರ್ಥ ಕಳೆದುಕೊಂಡಿತು.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಸೊಗಸಾದ ಪ್ರಯೋಗ ನಡೆದದ್ದು 1980ರ ದಶಕದಲ್ಲಿ, ಅಮೆರಿಕದ ಯೂಟಾದಲ್ಲಿ. ಜೇಮ್ಸ್ ರಿಚರ್ಡ್ಸ್ ಮತ್ತು ಮಾರ್ಟಿನ್ ಕಾಲ್ಡ್‌ವೆಲ್ ಸೇಜ್‌ಬ್ರಷ್ ಪೊದೆಗಳ ಬುಡದ ಮಣ್ಣಿನಲ್ಲಿ ತೇವ ಅಳೆಯುವ ಉಪಕರಣ ಹೂತಿಟ್ಟಿದ್ದರು. ಹಗಲು ಒಣಗುತ್ತಿದ್ದ ಮೇಲ್ಮಣ್ಣು ಒಂದು ಹನಿ ಮಳೆಯಿಲ್ಲದೆ ರಾತ್ರಿ ಮತ್ತೆ ಹಸಿಯಾಗುತ್ತಿತ್ತು. ಹಗಲಿನಲ್ಲೇ ಗಿಡಕ್ಕೆ ಮುಸುಕು ಹಾಕಿ ಎಲೆ ಬೆವರದಂತೆ ಮಾಡಿದಾಗ ತೇವ ಇಳಿಯಲಿಲ್ಲ. ಆಳದ ಬೇರು ಎಳೆದ ನೀರು ಮೇಲಿನ ಬೇರುಗಳಿಂದ ಒಣಮಣ್ಣಿಗೆ ಸೋರುತ್ತಿತ್ತು! ಆಳದ ಬೇರಿಗೆ ಗುರುತಿನ ಭಾರಜಲ ಉಣಿಸಿದಾಗ ಅದು ಪಕ್ಕದ ಹುಲ್ಲಿನಲ್ಲೂ ಸಿಕ್ಕಿತು. ನೀರು ಕುಡಿಯುವ ಗಿಡವೇ ನೀರು ಹಂಚುವ ಗಿಡವೂ ಹೌದು ಎಂದ ಮೇಲೆ ಹಳೆಯ ಲೆಕ್ಕಗಳನ್ನು ಮತ್ತೆ ತೆರೆಯಬೇಕಾಯಿತು.

ಇನ್ನೊಂದು ಕವಲು ನ್ಯೂ ಮೆಕ್ಸಿಕೋದ ಹೊರ್ನಾಡಾದ್ದು. 1912ರಿಂದ ಸಂಶೋಧನೆಗೆಂದು ಮೀಸಲಿಟ್ಟ ಈ ಹುಲ್ಲುಗಾವಲು ಕಣ್ಣೆದುರೇ ಮೆಸ್ಕಿಟ್, ಕ್ರಿಯೊಸೋಟ್ ಪೊದೆಗಳ ಪಾಲಾಯಿತು. ದನಗಳ ಮೇಯುವಿಕೆ, ಬರ, ಬೀಜದ ಹರಡುವಿಕೆ ಎಲ್ಲ ಸೇರಿ ಆದ ಬದಲಾವಣೆ ಅದು. ವಿಲಿಯಂ ಶ್ಲೆಸಿಂಜರ್ ಮತ್ತು ಸಂಗಡಿಗರು 1990ರಲ್ಲಿ ಅದರ ಒಳಮರ್ಮ ಬಿಡಿಸಿದರು. ಸಾರ ಮತ್ತು ತೇವ ಪೊದೆಗಳ ಬುಡಕ್ಕೆ ಸೇರಿಕೊಳ್ಳುತ್ತವೆ. ನಡುವಿನ ಬೋಳು ನೆಲದಲ್ಲಿ ಮಳೆನೀರು ಇಂಗದೆ ಮಣ್ಣು ಹೊತ್ತು ಹರಿಯುತ್ತದೆ. ಹುಲ್ಲಿಗೆ ಮರಳುವ ದಾರಿ ಹಾಗೆ ಮುಚ್ಚುತ್ತದೆ.

ಹವಾಮಾನ ಬದಲಾವಣೆಯ ಪ್ರಶ್ನೆ ಬಂದು ಸೇರಿದ್ದು ಈ ಹೊತ್ತಿಗೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು, ಅಷ್ಟರಮಟ್ಟಿಗೆ ನೆಲದಿಂದ, ಎಲೆಯಿಂದ ಹೀರಬಲ್ಲದು. ಮಳೆಯೂ ಕೆಲವೇ ದಿನಗಳಲ್ಲಿ ದಬದಬ ಸುರಿಯುವತ್ತ ವಾಲುತ್ತದೆ. ಹೊರ್ನಾಡಾದಲ್ಲೇ ಗೆರಾರ್ಡಿ ಮತ್ತು ಸಾಲಾ ಎಂಬ ಸಂಶೋಧಕರು ಆರು ವರ್ಷ ಕೆಲವು ತಾಕುಗಳ ಮಳೆ ತಡೆದು, ಅದನ್ನು ಬೇರೆ ತಾಕುಗಳಿಗೆ ಹರಿಸಿ, ವರ್ಷದಿಂದ ವರ್ಷಕ್ಕೆ ಏರುಪೇರು ಹೆಚ್ಚಿಸಿ ನೋಡಿದರು. ಹುಲ್ಲು ಕುಗ್ಗಿತು, ಪೊದೆ ಹಿಗ್ಗಿತು.

ಹಾಗೆಂದು ಪೊದೆಗಳಿಗೆ ಎಲ್ಲೆಡೆ ಸುಗ್ಗಿ ಎಂದಲ್ಲ. ಐಡಹೋದ ರೆನಾಲ್ಡ್ಸ್ ಕ್ರೀಕ್ ಜಲಾನಯನದಲ್ಲಿ 1960ರ ದಶಕದಿಂದ ಅಳತೆ ನಡೆದಿದೆ. ಅಲ್ಲಿ ಹಿಮದ ಪಾಲು ತಗ್ಗಿ ಮಳೆಯ ಪಾಲು ಏರಿದೆ, ತೊರೆಯ ಹರಿವು ಚಳಿಗಾಲದ ಕಡೆಗೆ ಸರಿದಿದೆ, ಬೇಸಿಗೆಯ ಹರಿವು ಸೊರಗಿದೆ. ಹಿಮ ನಿಧಾನ ಕರಗಿ ಆಳಕ್ಕಿಳಿಸುತ್ತಿದ್ದ ಹಸಿಯನ್ನು ನೆಚ್ಚಿದ ಸೇಜ್‌ಬ್ರಷ್‌ಗೆ ಇದು ಶುಭ ಸುದ್ದಿಯಲ್ಲ.

ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಎಲೆರಂಧ್ರ ಕಿರಿದಾಗಿ ನೀರು ಉಳಿಯುತ್ತದೆಂಬ ಆಸೆಯೂ ಇತ್ತು. 1982ರಿಂದ 2010ರವರೆಗಿನ ಉಪಗ್ರಹ ಚಿತ್ರಗಳಲ್ಲಿ ಬಿಸಿ ಒಣನೆಲಗಳ ಹಸಿರು ಶೇ. 11ರಷ್ಟು ಹೆಚ್ಚಿದ್ದನ್ನು ಕಂಡು ಆ ಆಸೆ ಗಟ್ಟಿಯಾಯಿತು. ನೆವಾಡಾದ ಮೊಹಾವಿ ಮರುಭೂಮಿಯಲ್ಲಿ ಹತ್ತು ವರ್ಷ ಬಯಲಿಗೇ ಈ ಅನಿಲ ಊದಿ ನೋಡಿದ ಪ್ರಯೋಗ ಬೇರೆಯದನ್ನೇ ಹೇಳಿತು. ಮಣ್ಣಿನ ನೀರು ಉಳಿಯಲಿಲ್ಲ, ಬಹುವಾರ್ಷಿಕ ಗಿಡಗಳ ತೂಕವೂ ಒಟ್ಟಾರೆ ಏರಲಿಲ್ಲ. ಮಳೆ ಜೋರಾಗಿದ್ದ 1998ರಲ್ಲಿ ಹೆಚ್ಚು ಲಾಭ ಹೊಡೆದದ್ದು ಹೊರಗಿನಿಂದ ಬಂದ ರೆಡ್ ಬ್ರೋಮ್ ಎಂಬ ಹುಲ್ಲು. ಅದು ಒಣಗಿದರೆ ಬೆಂಕಿಗೆ ಮೇವು. ಬೆಂಕಿಯ ರೂಢಿಯೇ ಇಲ್ಲದ ಪೊದೆಗಳು ಅದರಲ್ಲಿ ಸುಟ್ಟುಹೋಗುತ್ತವೆ. ಉಪಗ್ರಹ ಕಂಡ ಹಸಿರು ಯಾರದೆಂದು ಕೇಳದೆ ಸಂಭ್ರಮಿಸಬಾರದು.

ಮೆಸ್ಕಿಟ್‌ನ ಹತ್ತಿರದ ನೆಂಟನೊಂದು ನಮ್ಮಲ್ಲೂ ಇದೆ: ಬಳ್ಳಾರಿ ಜಾಲಿ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದ ಇದರ ಕಾಯನ್ನು ದನ, ಕುರಿ ತಿಂದು ಬೀಜ ಹರಡಿ, ಇಂದು ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲೆಲ್ಲೂ ಬೆಳೆದಿದೆ. ಅಂತರ್ಜಲ ಕುಡಿದು ಮುಗಿಸುತ್ತದೆ ಎಂಬ ದೂರು ಒಂದು ಕಡೆ, ಸೌದೆ ಇದ್ದಿಲಿಗೆ ಇದೇ ಗತಿ ಎಂಬ ವಾದ ಇನ್ನೊಂದು ಕಡೆ. ನೀರು ಮೇಲೇ ಇರುವ ಕೆರೆಯಂಗಳದ ಜಾಲಿಯನ್ನೂ ಕಲ್ಲುದಿಬ್ಬದ ಜಾಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಕೃಷಿ ವಿಶ್ವವಿದ್ಯಾಲಯಗಳು, ಅರಣ್ಯ ಇಲಾಖೆ ಜಾಲಿ ಕಿತ್ತ ತಾಕು, ಬಿಟ್ಟ ತಾಕು ಅಕ್ಕಪಕ್ಕ ಇಟ್ಟುಕೊಂಡು, ಮಳೆಯ ಮಿಲಿಮೀಟರ್ ಜೊತೆಗೆ ಹಸಿ ಇಳಿದ ಆಳವನ್ನೂ ಹತ್ತಾರು ವರ್ಷ ಬಿಡದೆ ಅಳೆಯಲಿ. ಜೆಸಿಬಿ ಕಳಿಸುವ ನಿರ್ಧಾರ ಆ ಅಂಕಿಗಳನ್ನು ನೋಡಿ ಆಗಲಿ.