ಸಿ.ಐ.ಡಿ. (ಹಿಂದಿ ಚಲನಚಿತ್ರ, 1956)

ಗುರುದತ್ ನಿರ್ಮಿಸಿ ರಾಜ್ ಖೋಸ್ಲಾ ನಿರ್ದೇಶಿಸಿದ ಕಪ್ಪುಬಿಳುಪು ಪತ್ತೇದಾರಿ ಚಿತ್ರ. ಸಂಗೀತ ಓ.ಪಿ. ನಯ್ಯರ್. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ; ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ನಟಿ ವಹೀದಾ ರೆಹಮಾನ್ ಗುರುದತ್ ಕಣ್ಣಿಗೆ ಬಿದ್ದದ್ದು ಹೈದರಾಬಾದಿನಲ್ಲಿ. ಮುಂಬಯಿಯ ‘ನುವಾರ್’ (ಕತ್ತಲು-ನೆರಳಿನ ಅಪರಾಧ ಕಥೆಯ) ಚಿತ್ರಗಳನ್ನು ಹಾಲಿವುಡ್ಡಿನ ನೆರಳೆಂದಷ್ಟೇ ನೋಡುವವರು ಈ ದಕ್ಷಿಣದ ಪಾಲನ್ನು ಮರೆಯುತ್ತಾರೆ.

ಕಥೆ

ಪ್ರಭಾವಿ ಅಪರಾಧಿಯೊಬ್ಬನ ಗುಟ್ಟು ಬಯಲಿಗೆಳೆಯಲಿದ್ದ ಪತ್ರಿಕಾ ಸಂಪಾದಕನ ಕೊಲೆಯಾಗುತ್ತದೆ. ತನಿಖೆಗಿಳಿದ ಇನ್‌ಸ್ಪೆಕ್ಟರ್ ಶೇಖರ್ (ದೇವ್ ಆನಂದ್) ತಾನೇ ಆರೋಪಿಯಾಗುತ್ತಾನೆ.

ಬೆಳಕಿನ ಕೆಲಸ

ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಗುರುದತ್ ನಿರ್ದೇಶನದ ‘ಬಾಜಿ’ಯಲ್ಲಿ (1951) ಅವರು ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕರು. ಹಾಡೊಂದರ ಕಷ್ಟದ ಶಾಟ್ ಅನ್ನು ಅವರು ತೆಗೆದ ರೀತಿ ಗುರುದತ್‌ಗೆ ಹಿಡಿಸಿತೆಂದೂ, ‘ಜಾಲ್’ (1952) ಅವರ ಕೈಸೇರಿದ್ದು ಹಾಗೆಂದೂ ಹೇಳುತ್ತಾರೆ. ಕಪ್ಪುಬಿಳುಪಿನಲ್ಲಿ ಬಣ್ಣದ ಆಸರೆಯಿಲ್ಲ. ಕಪ್ಪು ಕೂದಲು ಕತ್ತಲ ಗೋಡೆಯಲ್ಲಿ ಕರಗದಂತೆ ಹಿಂದಿನಿಂದ ದೀಪ ಕೊಡಬೇಕು. ಎದುರಿನ ದೀಪ ತಗ್ಗಿಸಿ ಮುಖದ ಅರ್ಧವನ್ನು ನೆರಳಿಗೇ ಬಿಡುವ ಧೈರ್ಯವೂ ಬೇಕು. ಸಮೀಪದ ಶಾಟ್‌ಗಳಿಗೆ ಗುರುದತ್ 75 ಮಿ.ಮೀ. ಲೆನ್ಸ್ ಇಷ್ಟಪಡುತ್ತಿದ್ದರು: ಹಿನ್ನೆಲೆ ಮಸುಕಾಗುತ್ತದೆ, ಕಣ್ಣುಗಳೇ ಉಳಿಯುತ್ತವೆ. ಈ ಅಭ್ಯಾಸ ಪಳಗಿದ್ದು ಅಪರಾಧ ಚಿತ್ರಗಳಲ್ಲಿ. ‘ಪ್ಯಾಸಾ’ (1957) ಅದರ ಫಲ. ‘ಕಾಗಜ್ ಕೆ ಫೂಲ್’ನಲ್ಲಿ (1959) ಮೂರ್ತಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಗೆ ತಿರುಗಿಸಿ, ಹೊಗೆಯಲ್ಲಿ ಬೆಳಕಿನ ಕಂಬ ನಿಲ್ಲಿಸಿದರು. ಅದು ಭಾರತದ ಮೊದಲ ಸಿನೆಮಾಸ್ಕೋಪ್ (ಅಗಲ ಪರದೆಯ) ಚಿತ್ರ.

ಹೈದರಾಬಾದಿನ ನಂಟು

ತೆಲುಗಿನ ‘ರೋಜುಲು ಮಾರಾಯಿ’ (1955) ಚಿತ್ರದ ನೃತ್ಯದಿಂದ ವಹೀದಾ ಮನೆಮಾತಾಗಿದ್ದರು. ಆ ಹೊತ್ತಿಗೆ ಹೈದರಾಬಾದಿಗೆ ಬಂದಿದ್ದ ಗುರುದತ್ ಅವರನ್ನು ಭೇಟಿಯಾದದ್ದು ವಿತರಕರ ಕಚೇರಿಯಲ್ಲಿ. ಕೆಲ ತಿಂಗಳ ಮೇಲೆ ಮುಂಬಯಿಯಿಂದ ಕರೆ ಬಂತು. ಹೆಸರು ಬದಲಿಸಿಕೊಳ್ಳಲು ವಹೀದಾ ಒಪ್ಪಲಿಲ್ಲ; ತಮಗೆ ಸರಿಕಾಣದ ಉಡುಪು ತೊಡುವುದಿಲ್ಲವೆಂಬ ಷರತ್ತನ್ನೂ ಕರಾರಿಗೆ ಸೇರಿಸಿದರು. ಹೊಸಬಳೊಬ್ಬಳ ಈ ನಿಲುವು ಪಾತ್ರಕ್ಕೂ ಒದಗಿತು ಎನ್ನಬೇಕು. ಖಳನ ಅಡಗುದಾಣದಲ್ಲಿ ಕಾಮಿನಿ (ವಹೀದಾ) ಹಾಡುತ್ತ ಅವನ ನೋಟವನ್ನು ತನ್ನ ಮೇಲೇ ಹಿಡಿದಿಡುತ್ತಾಳೆ, ಶೇಖರ್ ಪಾರಾಗಲೆಂದು. ಚಿತ್ರದ ಅತ್ಯುತ್ತಮ ಸನ್ನಿವೇಶ ಇದೇ: ಹಾಡು ಕಥೆಯನ್ನು ನಿಲ್ಲಿಸುವುದಿಲ್ಲ, ಮುಂದಕ್ಕೆ ತಳ್ಳುತ್ತದೆ.

ಕನ್ನಡದಲ್ಲಿ

ದೊರೈ-ಭಗವಾನ್ ಜೋಡಿಯ ಪತ್ತೇದಾರಿ ಚಿತ್ರ ‘ಜೇಡರ ಬಲೆ’ಯೂ (1968) ಕಪ್ಪುಬಿಳುಪಿನದೇ. ಅದರಲ್ಲಿ ರಾಜಕುಮಾರ್ ಅವರ ಪಾತ್ರವಾದ ಸಿ.ಐ.ಡಿ. 999 ಮಾತ್ರ ಜೇಮ್ಸ್ ಬಾಂಡ್ ವಂಶದವನು. ಮೂರ್ತಿಯವರೂ ಮುಂದೆ ಕನ್ನಡದ ‘ಹೂವು ಹಣ್ಣು’ (1993) ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.