ಎರಡನೇ ಸಲ ಕ್ಲಾಸಿಗೆ ಕೂರೋದು ಯಾರ ಕೈಲಾಗುತ್ತೆ?

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮೊನ್ನೆ ಅಮೆರಿಕದಿಂದ ನಮ್ಮವರ ಮನೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ಲು. ಅಪ್ಪ ಅಮ್ಮ ಕೋಲಾರದ ಕಡೆಯವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. "ಚಿಕ್ಕಪ್ಪಾ, ಮೊದಲೆರಡು ವರ್ಷ ಗ್ರೇಡ್ ಬಿದ್ದೋಯ್ತು. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕೋಕೆ ಮುಂಚೆ ಯಾವ ಕೋರ್ಸ್ ತಗೊಂಡು ಮೇಲೆ ಎತ್ತಲಿ ಅಂತ ಗೊತ್ತಾಗ್ತಿಲ್ಲ" ಅಂದ್ಲು. ನಾನು ಡಾಕ್ಟರಲ್ಲ, ಮೇಷ್ಟ್ರೂ ಅಲ್ಲ. ಆದ್ರೆ ಈ ಗ್ರೇಡಿನ ಹಿಂದೆ ಹೋದಷ್ಟೂ ಅಲ್ಲಿ ನಮ್ಮದೇ ಕತೆ ಕಾಣ್ತಾ ಹೋಯ್ತು.

ನಮ್ಮಲ್ಲಿ ಪಿಯುಸಿ ಮುಗಿಸಿ ಒಂದು ಪರೀಕ್ಷೆ ಬರೆದು ಮೆಡಿಕಲ್ ಸೇರ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್. ಆ ಡಿಗ್ರಿಯಲ್ಲಿ ಯಾವ ಕೋರ್ಸ್ ತಗೋಬೇಕು ಅನ್ನೋದು ಬಹುಪಾಲು ವಿದ್ಯಾರ್ಥಿಯ ಆಯ್ಕೆ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದಾಗ ಈ ಸ್ವಾತಂತ್ರ್ಯವನ್ನ ಹೇಗೆ ಬಳಸಿದ್ರು ನೋಡಿ. ಅರ್ಥಶಾಸ್ತ್ರದಲ್ಲೇ 29 ಕೋರ್ಸು, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6. ಹಸಿದವರು ಊಟಕ್ಕೆ ಕೂತ ಹಾಗೆ ಓದಿದ್ರು. ಡಾಕ್ಟರಾಗಬೇಕು ಅನ್ನೋರಿಗೆ ಮಾತ್ರ ಅಷ್ಟು ಸ್ವಾತಂತ್ರ್ಯ ಇಲ್ಲ. ಜೀವಶಾಸ್ತ್ರ, ಕೆಮಿಸ್ಟ್ರಿ, ಅದರಲ್ಲೂ ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವನ್ನ ದಾಟಲೇಬೇಕು. ಅರ್ಜಿ ತಗೊಳ್ಳೋ ಕೇಂದ್ರ ವ್ಯವಸ್ಥೆ ಈ ವಿಜ್ಞಾನ, ಗಣಿತದ ಗ್ರೇಡನ್ನ ಬೇರೆಯಾಗಿಯೇ ಲೆಕ್ಕ ಹಾಕುತ್ತೆ. ಸುಲಭದ ಕೋರ್ಸ್ ತಗೊಂಡು ಒಟ್ಟು ಗ್ರೇಡ್ ಎತ್ತಬಹುದು, ವಿಜ್ಞಾನದ ಗ್ರೇಡ್ ಅಲ್ಲೇ ಇರುತ್ತೆ. ಫೇಲಾದ ಕೋರ್ಸನ್ನ ಮತ್ತೆ ಓದಿ ಪಾಸಾದ್ರೂ ಹಳೆಯದು ಅಳಿಸಿ ಹೋಗಲ್ಲ, ಎರಡೂ ಲೆಕ್ಕಕ್ಕೆ ಬರುತ್ತೆ.

ಈಗ ಲೆಕ್ಕ ನೋಡಿ. 4ಕ್ಕೆ ಗ್ರೇಡ್ ಅಂತಿಟ್ಕೊಳ್ಳಿ. ಮೊದಲೆರಡು ವರ್ಷ 60 ಕ್ರೆಡಿಟ್‌ಗೆ 2.7 ಬಂತು. ಮುಂದಿನೆರಡು ವರ್ಷ ಒದ್ದಾಡಿ ಇನ್ನೊಂದು 60ಕ್ಕೆ 3.7 ತೆಗೆದ್ರೆ ಒಟ್ಟು 3.2. ಡಿಗ್ರಿ ಆದಮೇಲೆ ಮತ್ತೊಂದು ವರ್ಷ ಫೀಸು ಕಟ್ಟಿ 30 ಕ್ರೆಡಿಟ್ ವಿಜ್ಞಾನ ಓದಿ 3.9 ತೆಗೆದ್ರೂ ಒಟ್ಟು 3.34. ಅಷ್ಟೇ ಏರೋದು! ಹೀಗೆ ಡಿಗ್ರಿ ನಂತರ ಗ್ರೇಡ್ ಕಟ್ಟೋಕೆಂದೇ ಅಲ್ಲಿ ಪ್ರತ್ಯೇಕ ಕಾರ್ಯಕ್ರಮಗಳಿವೆ. ಮೊದಲ ಸಲ ಎಡವಿದವರಿಗೆ ಎರಡನೇ ಸಲ ಬಾಗಿಲು ತೆರೆಯುತ್ತೆ, ಆದ್ರೆ ಬಾಗಿಲಲ್ಲಿ ಟಿಕೆಟ್ ತಗೋಬೇಕು. ನಮ್ಮಲ್ಲಿ ನೀಟ್‌ಗೆ ಒಂದು ವರ್ಷ ಲಾಂಗ್ ಟರ್ಮ್ ಕೂರೋದು ಯಾರ ಮಕ್ಕಳು, ರಿಸಲ್ಟ್ ಬಂದ ವಾರವೇ ಗಾರ್ಮೆಂಟ್ಸ್‌ಗೆ ಹೋಗೋದು ಯಾರ ಮಕ್ಕಳು ಅಂತ ನಿಮಗೆ ನಾನು ಹೇಳಬೇಕಾ?

ಈ ಕೋರ್ಸುಗಳ ಪಟ್ಟಿ ಆಕಾಶದಿಂದ ಬಿದ್ದದ್ದಲ್ಲ. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ ಶುರುವಾದಾಗ ಡಿಗ್ರಿ ಬೇಕು, ವಿಜ್ಞಾನ ಬೇಕು, ಫ್ರೆಂಚ್ ಜರ್ಮನ್ ಓದೋಕೆ ಬರಬೇಕು ಅಂತ ನಿಯಮ ಇಟ್ಟಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್ನರ್ ಅನ್ನೋರು (ಅವರೂ ಡಾಕ್ಟರಲ್ಲ, ಶಾಲೆ ನಡೆಸಿದ್ದವರು) 155 ವೈದ್ಯ ಶಾಲೆಗಳನ್ನ ನೋಡಿ ವರದಿ ಕೊಟ್ಟರು. ಹಾಪ್ಕಿನ್ಸ್ ಅವರ ಮಾದರಿ. ಪ್ರವೇಶಕ್ಕೆ ಕನಿಷ್ಠ ಎರಡು ವರ್ಷ ಕಾಲೇಜು, ಅದರಲ್ಲಿ ಕೆಮಿಸ್ಟ್ರಿ, ಜೀವಶಾಸ್ತ್ರ, ಫಿಸಿಕ್ಸ್ ಇರಬೇಕು ಅಂದರು. ಅವತ್ತಿನ ಎಷ್ಟೋ ಶಾಲೆಗಳು ದುಡ್ಡಿಗೆ ಸರ್ಟಿಫಿಕೇಟ್ ಮಾರೋ ಅಂಗಡಿಗಳೇ ಆಗಿದ್ದವು, ಅವನ್ನ ಮುಚ್ಚಿಸಿದ್ದು ಸರಿಯೇ. ಅದನ್ನ ಒಪ್ಪೋಣ.

ಆದ್ರೆ ಆಗ ಕಪ್ಪು ಜನರಿಗಾಗಿ ಇದ್ದದ್ದು ಏಳು ವೈದ್ಯ ಶಾಲೆ. ಎರಡನ್ನ ಉಳಿಸಿ ಸಾಕು ಅಂತ ವರದಿ ಹೇಳಿತು: ವಾಷಿಂಗ್ಟನ್ನಿನ ಹೋವರ್ಡ್, ನ್ಯಾಶ್ವಿಲ್‌ನ ಮೆಹಾರಿ. ಉಳಿದ ಐದೂ 1923ರ ಹೊತ್ತಿಗೆ ಮುಚ್ಚಿದವು. ಅದಕ್ಕಿಂತ ಚುಚ್ಚೋದು ವರದಿಯ ತರ್ಕ. ಕಪ್ಪು ಡಾಕ್ಟರ್ ತನ್ನ ಜನಕ್ಕೆ ನೈರ್ಮಲ್ಯ ಕಲಿಸಿಕೊಂಡಿರಲಿ, ಯಾಕಂದ್ರೆ ಅವರ ಕಾಯಿಲೆ ಪಕ್ಕದ ಬಿಳಿಯರಿಗೆ ಹರಡುತ್ತೆ ಅನ್ನೋ ಧಾಟಿ ಅದರಲ್ಲಿದೆ. ಕೇರಿ ಪಕ್ಕದಲ್ಲಿ ಬೆಳೆದವರಿಗೆ ಈ ಭಾಷೆ ಹೊಸದೇನಲ್ಲ. ಆ ಐದು ಶಾಲೆ ಉಳಿದಿದ್ರೆ 2019ರ ಹೊತ್ತಿಗೆ ಇನ್ನೂ 35 ಸಾವಿರದಷ್ಟು ಡಾಕ್ಟರುಗಳು ಹೊರಬಂದಿರಬಹುದಿತ್ತು ಅಂತ 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಫಿಸಿಕ್ಸ್ ಲ್ಯಾಬೇ ಇಲ್ಲದ ಶಾಲೆಗೆ ಮಕ್ಕಳನ್ನ ಹಾಕಿ, ಆಮೇಲೆ ಫಿಸಿಕ್ಸ್ ಕಡ್ಡಾಯ ಅನ್ನೋದಿದೆಯಲ್ಲ, ಅದಕ್ಕೆ ಬೋರ್ಡ್ ಹಾಕಿ ನಿಲ್ಲಿಸೋದೇ ಬೇಕಾಗಿಲ್ಲ.

ಮುಂದಿನ ಕತೆ ಕ್ಯಾಲಿಫೋರ್ನಿಯಾದ್ದು. ಡೇವಿಸ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಹೊಸ ಮೆಡಿಕಲ್ ಸ್ಕೂಲ್. 1968ರ ಮೊದಲ ಬ್ಯಾಚಿನ 50 ಜನರಲ್ಲಿ ಕಪ್ಪು ಜನ ಒಬ್ಬರೂ ಇಲ್ಲ, ಮೆಕ್ಸಿಕನ್ ಮೂಲದವರಿಲ್ಲ, ಆ ನೆಲದ ಮೂಲನಿವಾಸಿಗಳಿಲ್ಲ. ಆಮೇಲೆ 100 ಸೀಟಲ್ಲಿ 16 ಬೇರೆ ಇಟ್ಟರು. ಸಾಮಾನ್ಯ ಅರ್ಜಿದಾರರಿಗೆ ಗ್ರೇಡ್ 2.5ಕ್ಕಿಂತ ಕಡಿಮೆ ಇದ್ರೆ ಅಲ್ಲೇ ಔಟ್, ಈ 16ಕ್ಕೆ ಆ ಗೆರೆ ಇಲ್ಲ.

ಅಲನ್ ಬಕ್ಕಿ ಅನ್ನೋ ಬಿಳಿಯ ಎಂಜಿನಿಯರ್ 1973ರಲ್ಲಿ, 1974ರಲ್ಲಿ ಅಲ್ಲಿಗೆ ಅರ್ಜಿ ಹಾಕಿ ಎರಡೂ ಸಲ ಸಿಗದೆ ಕೋರ್ಟಿಗೆ ಹೋದ. ಅವನ ಗ್ರೇಡ್ 3.46. ವಿಶೇಷ ಸೀಟಿನವರ ಸರಾಸರಿ 1973ರಲ್ಲಿ 2.88. "ನೋಡಿ ಮೆರಿಟ್‌ಗೆ ಅನ್ಯಾಯ" ಅಂತ ದೇಶವೇ ಎದ್ದು ಕೂತಿತು. ಆದ್ರೆ ಬಕ್ಕಿ ಮೊದಲ ಡಿಗ್ರಿ ಓದುವಾಗ ಡಾಕ್ಟರಾಗೋ ದಾರಿಯಲ್ಲೇ ಇರಲಿಲ್ಲ. ಸೈನ್ಯ ಮುಗಿಸಿ, ನಾಸಾದಲ್ಲಿ ಕೆಲಸ ಹಿಡಿದು, ಮೂವತ್ತರ ಆಸುಪಾಸಿನಲ್ಲಿ, ಆ ಕೆಲಸ ಮಾಡ್ತಾನೇ ಕೆಮಿಸ್ಟ್ರಿ, ಜೀವಶಾಸ್ತ್ರದ ಕೋರ್ಸ್ ಹೊಸದಾಗಿ ತಗೊಂಡ. ಕಷ್ಟಪಟ್ಟಿದ್ದಾನೆ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಅದೂ ಎರಡನೇ ಅವಕಾಶವೇ. ಸ್ಥಿರ ಸಂಬಳ ಕೊಟ್ಟ ಅವಕಾಶಕ್ಕೆ ಮೆರಿಟ್ ಅಂತ ಹೆಸರು, ಸಮಾಜ ಕೊಟ್ಟ 16 ಸೀಟಿಗೆ ಕೋಟಾ ಅಂತ ಹೆಸರು. 1978ರ ಜೂನ್ 28ಕ್ಕೆ ತೀರ್ಪು ಬಂತು. ಜನಾಂಗವನ್ನ ಒಂದು ಅಂಶವಾಗಿ ನೋಡಬಹುದು, ಸೀಟು ಮೀಸಲಿಡೋ ಹಾಗಿಲ್ಲ, ಬಕ್ಕಿಗೆ ಸೀಟು ಕೊಡಿ. ಅದೇ ಪೀಠದಲ್ಲಿದ್ದ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬೇರೆ ಬರೆದರು: ಇನ್ನೂರು ವರ್ಷದ ಬಹುಪಾಲು ನಮ್ಮ ಮೇಲಿನ ತಾರತಮ್ಯಕ್ಕೆ ಅಡ್ಡ ಬರದ ಸಂವಿಧಾನ, ಅದನ್ನ ಸರಿಪಡಿಸೋಕೆ ಹೊರಟಾಗ ಮಾತ್ರ ಅಡ್ಡ ಬರುತ್ತೆ ಅನ್ನೋದನ್ನ ನಂಬಲಾರೆ ಅಂತ. ಬ್ಲ್ಯಾಕ್‌ಮನ್ ಅನ್ನೋ ಇನ್ನೊಬ್ಬ ನ್ಯಾಯಮೂರ್ತಿ, ಕಾಲೇಜುಗಳು ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ, ಸಿರಿವಂತರ ಮಕ್ಕಳಿಗೆ ಮೊದಲಿಂದಲೂ ಆದ್ಯತೆ ಕೊಡ್ತಾನೇ ಬಂದಿವೆಯಲ್ಲ ಅಂತ ನೆನಪಿಸಿದರು. 2023ರಲ್ಲಿ ಜನಾಂಗವನ್ನ ಅಂಶವಾಗಿ ನೋಡೋದನ್ನೂ ಅದೇ ಕೋರ್ಟ್ ಬಹುತೇಕ ಮುಚ್ಚಿತು.

ಇದನ್ನ ಓದುವಾಗ ನಮ್ಮ ಮೈಸೂರು ರಾಜ್ಯ ನೆನಪಾಗದೇ ಇರುತ್ತಾ? 1962ರ ಜುಲೈ 31ರ ಆದೇಶದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ 68% ಮೀಸಲು ಅಂತಾಯ್ತು. ಅದರಲ್ಲಿ ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕಿ, ಸಾಮಾನ್ಯವಾಗಿ 50%ಗಿಂತ ಕಡಿಮೆ ಇರಬೇಕು ಅಂದಿತು. ಇವತ್ತಿಗೂ ದೇಶವೆಲ್ಲ ಜಪಿಸೋ ಆ 50ರ ಗೆರೆ ಹುಟ್ಟಿದ್ದು ನಮ್ಮ ಮೆಡಿಕಲ್ ಸೀಟಿನ ಜಗಳದಲ್ಲಿ. ಅದಕ್ಕೂ ಹಿಂದೆ, 1951ರಲ್ಲಿ ಮದ್ರಾಸಿನ ಚಂಪಕಂ ದೊರೈರಾಜನ್ ಪ್ರಕರಣವೂ ಮೆಡಿಕಲ್ ಸೀಟಿನದ್ದೇ. ಆಕೆ ಅರ್ಜಿಯನ್ನೇ ಹಾಕಿರಲಿಲ್ಲ, ಸಿಗಲ್ಲ ಅಂತ ಗೊತ್ತಾಗಿ ಕೋರ್ಟಿಗೆ ಹೋದದ್ದು.

ಹುಡುಗಿಗೆ ನಾನು ಹೇಳಿದ್ದಿಷ್ಟು. ಸುಲಭದ ಕೋರ್ಸ್ ಹಿಂದೆ ಬೀಳಬೇಡಮ್ಮ, ಅವರು ನೋಡೋದು ವಿಜ್ಞಾನದ ಗ್ರೇಡು ಏರ್ತಿದೆಯಾ ಅಂತ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಥರದ್ದು ತಗೋ, ಒಂದೇ ಟರ್ಮಿಗೆ ಎಲ್ಲ ತುಂಬ್ಕೋಬೇಡ. ದುಡ್ಡು ಕಟ್ಟೋ ಮುಂಚೆ ಹಿಂದುಳಿದ ಹಿನ್ನೆಲೆಯವರಿಗೇ ಇರೋ ಕಾರ್ಯಕ್ರಮ ಹುಡುಕು. ಕ್ಯಾಲಿಫೋರ್ನಿಯಾದ ಸರ್ಕಾರಿ ಮೆಡಿಕಲ್ ಸ್ಕೂಲುಗಳು ಸೇರಿ ಅಂಥದ್ದೊಂದು ನಡೆಸ್ತಿವೆ, ಡೇವಿಸ್ ಕೂಡ ಅದರಲ್ಲಿದೆ. ಮುಖ್ಯವಾಗಿ, ಒಬ್ಬಳೇ ಕೂತು ಓದಬೇಡ.

ಕೊನೇ ಮಾತು ನಾನು ಕಲಿತದ್ದು ನ್ಯೂ ಆರ್ಲಿಯನ್ಸಿನ ಜೇವಿಯರ್ ವಿಶ್ವವಿದ್ಯಾಲಯದಿಂದ. ಕಪ್ಪು ಜನರಿಗಾಗಿ ಕಟ್ಟಿದ ಸಣ್ಣ ಕಾಲೇಜು. 1970ರ ದಶಕದಲ್ಲಿ ಜೆ.ಡಬ್ಲ್ಯು. ಕಾರ್ಮೈಕಲ್ ಅನ್ನೋ ಕೆಮಿಸ್ಟ್ರಿ ಮೇಷ್ಟ್ರು ಮತ್ತು ಅವರ ಜೊತೆಯವರು, ಮಕ್ಕಳನ್ನ ಕೋರ್ಸಿಗೆ ತಕ್ಕ ಹಾಗೆ ಸೋಸೋ ಬದಲು ಕೋರ್ಸನ್ನೇ ಮಕ್ಕಳಿಗೆ ತಕ್ಕ ಹಾಗೆ ಕಟ್ಟಿದರು. ಬೇಸಿಗೆಯಲ್ಲೇ ತಯಾರಿ, ತಾವೇ ಬರೆದ ವರ್ಕ್‌ಬುಕ್ಕು, ಗುಂಪಲ್ಲಿ ಕೂತು ಓದು, ಎಡವಿದವರನ್ನ ಮೊದಲ ಟೆಸ್ಟಲ್ಲೇ ಹಿಡಿದು ಕೂರಿಸೋದು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳನ್ನ ಹಿಂದಿಕ್ಕಿ, ಅತಿ ಹೆಚ್ಚು ಕಪ್ಪು ಡಾಕ್ಟರುಗಳನ್ನ ಕೊಟ್ಟ ಕಾಲೇಜು ಅಂತ ಅದು ವರ್ಷಗಟ್ಟಲೆ ಹೆಸರು ಮಾಡಿತು. ಫ್ಲೆಕ್ಸ್ನರ್ ವರದಿಯ ಮರುವರ್ಷ, 1911ರಲ್ಲಿ, ಮುಚ್ಚಿಹೋದ ಫ್ಲಿಂಟ್ ಮೆಡಿಕಲ್ ಕಾಲೇಜು ಇದ್ದದ್ದು ಇದೇ ನ್ಯೂ ಆರ್ಲಿಯನ್ಸಿನಲ್ಲಿ. ಈಗ ಅದೇ ಊರಲ್ಲಿ ಜೇವಿಯರ್‌ನವರು ಆಕ್ಸ್ನರ್ ಆಸ್ಪತ್ರೆಯವರ ಜೊತೆ ಸೇರಿ ತಮ್ಮದೇ ಮೆಡಿಕಲ್ ಕಾಲೇಜು ತೆರೀತೀವಿ ಅಂತ ಘೋಷಿಸಿದ್ದಾರೆ.