ಮಾಸ್ತಿಕಲ್ಲು, ಬೀಸುಕಲ್ಲು

ನಮ್ಮೂರು ತಮಿಳುನಾಡಿನ ಗಡಿಯಲ್ಲಿ, ತಳಿಗೂ ದೇಂಕಣಿಕೋಟೆಗೂ ನಡುವೆ. ಊರ ಹೊರಗೆ ಹುಣಸೆಮರದ ಬುಡದಲ್ಲಿ ಸೊಂಟದೆತ್ತರದ ಒಂದು ಕಲ್ಲು ನಿಂತಿದೆ. ಅದರಲ್ಲಿ ಮುಖವಿಲ್ಲ, ಮೈಯಿಲ್ಲ. ಕಂಬದಿಂದ ಹೊರಟ ಒಂದು ಕೈ, ಮಣಿಕಟ್ಟಿನ ತುಂಬ ಬಳೆ, ಮೇಲೆತ್ತಿದ ಅಂಗೈ, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಮಾಸ್ತಮ್ಮ ಅನ್ನುತ್ತೇವೆ. ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ, "ಈಯಮ್ಮನ ಹೆಸರೇನಜ್ಜಿ?" "ಹೆಸರೆಲ್ಲಿ ಮಗಾ, ಬಳೆ ಒಂದು ಉಳಿಸವ್ರೆ" ಅಂದಳು.

ಮನೆಯೊಳಗೆ ಇನ್ನೊಂದು ಕಲ್ಲಿತ್ತು, ಅಜ್ಜಿಯ ಬೀಸುಕಲ್ಲು. ನಮ್ಮ ಸೀಮೆಯ ಹೆಂಗಸರ ಚರಿತ್ರೆ ಬರೆಯುವುದಾದರೆ ಈ ಎರಡು ಕಲ್ಲುಗಳಿಂದಲೇ ಶುರು ಮಾಡಬೇಕು ಎಂದು ನನಗೆ ಬಹಳ ವರ್ಷಗಳಿಂದ ಅನ್ನಿಸುತ್ತಿದೆ.

ಮಾಸ್ತಿಯೆಂದರೆ ಮಹಾಸತಿ. ಹೊಸೂರಿಗೆ ಬಡಗಲಲ್ಲಿ, ಗಡಿ ದಾಟಿದರೆ ಸಿಗುವ ಮಾಲೂರು ತಾಲ್ಲೂಕಿನಲ್ಲಿ, ಮಾಸ್ತಿ ಎಂಬ ಊರೇ ಇದೆ. ಕೃಷ್ಣಗಿರಿಯಲ್ಲಿ 1993ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಸುತ್ತಲ ಹಳ್ಳಿಗಳ ವೀರಗಲ್ಲುಗಳನ್ನು ಸಾಲಾಗಿ ನೋಡಬಹುದು. ದನ ಕಾಯಲು ಸತ್ತವನು, ಊರಿಗಾಗಿ ಸತ್ತವನು, ಎಲ್ಲರೂ ಅಲ್ಲಿದ್ದಾರೆ. ಕಲ್ಲಿನಲ್ಲಿ ಹೆಣ್ಣಿಗೆ ಜಾಗ ಸಿಗಬೇಕಾದರೆ ಅವಳು ಗಂಡನ ಚಿತೆ ಏರಬೇಕಿತ್ತು. 1057ರ ಬೆಳತೂರು ಶಾಸನದ ದೇಕಬ್ಬೆಗೆ ಹೆಸರಾದರೂ ದಕ್ಕಿತು. ತಂದೆತಾಯಿ ಬೇಡವೆಂದು ಅಂಗಲಾಚಿದರೂ ಕೇಳದೆ ಅವಳು ಬೆಂಕಿಗೆ ಬಿದ್ದದ್ದನ್ನು ಶಾಸನಕವಿ ಪದ್ಯದಲ್ಲಿ ಹಾಡಿದ್ದಾನೆ. ಕನ್ನಡದ ಚೆಲುವಾದ ಶಾಸನಕಾವ್ಯಗಳಲ್ಲಿ ಅದೂ ಒಂದು. ಶಿಕ್ಷಕಿಯಾಗಿ ತರಗತಿಯಲ್ಲಿ ಅದನ್ನು ಓದಿ ಹೇಳುವಾಗಲೆಲ್ಲ ಪದ್ಯದ ಸೊಗಸಿಗೂ ಅದು ಹೊಗಳುವ ಸಾವಿಗೂ ನಡುವೆ ನನ್ನ ಗಂಟಲು ಕಟ್ಟುತ್ತಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಸಹಗಮನವನ್ನು ಕಾನೂನು ನಿಲ್ಲಿಸಿದ್ದು 1830ರಲ್ಲಿ.

ಬೀಸುಕಲ್ಲಿನ ಕಥೆ ಬೇರೆ. ನಮ್ಮದು ರಾಗಿ ಸೀಮೆ, ದಿನಾ ಹಿಟ್ಟು ಬೇಕು. ನಾಲ್ಕು ಗಂಟೆಗೆ, ಕೋಳಿ ಕೂಗುವ ಮೊದಲೇ, ಅಜ್ಜಿಯೂ ಚಿಕ್ಕಜ್ಜಿಯೂ ಎದುರುಬದುರು ಕೂತು ಒಂದೇ ಗೂಟಕ್ಕೆ ಎರಡು ಕೈ ಹಾಕುತ್ತಿದ್ದರು. ಒಬ್ಬಳ ಎಡಗೈ ಹಿಡಿ ಹಿಡಿ ರಾಗಿಯನ್ನು ಬಾಯಿಗೆ ಬಿಡುತ್ತಿತ್ತು. ಕಲ್ಲು ಸುತ್ತು ಹಿಡಿದ ಮೇಲೆ ಪದ. ಮೊದಲು ಕಲ್ಲಿಗೆ ಶರಣು, ಆಮೇಲೆ ರಾಗಿಗೆ, ಹೊಸೂರು ಬೆಟ್ಟದ ಚಂದ್ರಚೂಡೇಶ್ವರನಿಗೆ, ಏಳುಮಲೆಯ ಮಾದಪ್ಪನಿಗೆ. ಅದು ಮುಗಿದರೆ ತವರು, ಅಣ್ಣ, ಅತ್ತೆ, ಸವತಿ, ಹುಟ್ಟಿ ಸತ್ತ ಕೂಸು. ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ಹಿಡಿಯುವಳು. ಎರಡನೆಯ ಸಾಲನ್ನು ತಿರುಗಿ ಹೇಳುವಷ್ಟರಲ್ಲಿ ಮೂರನೆಯದು ಬಾಯಿಗೆ ಬರುತ್ತಿತ್ತು. ಅದು ತ್ರಿಪದಿ ಎಂದು ನನಗೆ ತಿಳಿದದ್ದು ಶಿಕ್ಷಕಿಯಾಗಲು ಓದುವಾಗ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ಮಟ್ಟು, ಅಕ್ಕಮಹಾದೇವಿ 'ಯೋಗಾಂಗ ತ್ರಿವಿಧಿ'ಗೆ ಆರಿಸಿಕೊಂಡ ಮಟ್ಟು, ಓದು ಬಾರದ ನನ್ನಜ್ಜಿಯ ನಾಲಗೆಯಲ್ಲಿತ್ತು.

ಈ ಪದಗಳನ್ನು ದಣಿವಾರಿಸುವ ಹಾಡುಗಳೆಂದು ಪುಸ್ತಕಗಳು ಹೇಳುತ್ತವೆ. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯ ಗಂಡಸರು ಪಡಸಾಲೆಯಲ್ಲಿ ಮಲಗಿರುತ್ತಿದ್ದರು, ನಿದ್ದೆ ತಿಳಿಯಾಗಿರುವ ಹೊತ್ತು. ಹಗಲಿನಲ್ಲಿ ಮಾವನ ಮುಂದೆ ತಲೆಯೆತ್ತದ ಸೊಸೆ ಕಲ್ಲಿನ ಮುಂದೆ ಏನನ್ನಾದರೂ ಹೇಳಬಹುದಿತ್ತು. ಪದದಲ್ಲಿ ಅಂದದ್ದಕ್ಕೆ ಯಾರೂ ಕೈಯೆತ್ತುವಂತಿರಲಿಲ್ಲ, ಅದು ಮನೆಮನೆಯಲ್ಲಿ ನಡೆದುಬಂದ ಕಟ್ಟು. ನನ್ನ ಸೋದರತ್ತೆಯನ್ನು ಕೊಟ್ಟ ಮನೆಯಲ್ಲಿ ಬಡಿಯುತ್ತಿದ್ದರಂತೆ. ಅಜ್ಜಿ ಎರಡು ಸಲ ಬಾಯಿಬಿಟ್ಟು ಹೇಳಿದರೂ ತಾತ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಸಲ ಅವಳು ಮಾತು ಬಿಟ್ಟು ಪದ ಹಿಡಿದಳು. ಬಾವಿಕಟ್ಟೆಯ ಮೇಲೆ ಕೂತು ನೀರನ್ನೇ ನೋಡುವ ಹೆಣ್ಣಿನ ಪದ. ಎಂಟು ಬೆಳಗು ಅದನ್ನೇ ಹೇಳಿದಳಂತೆ. ಒಂಬತ್ತನೆಯ ದಿನ ತಾತ ಗಾಡಿ ಕಟ್ಟಿ ಹೋಗಿ ಮಗಳನ್ನು ಕರೆತಂದರು. ಆ ಅತ್ತೆ ಎಪ್ಪತ್ತು ದಾಟಿ ಬದುಕಿದರು. ಸಾಹಿತ್ಯದಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಗಾಡಿ.

ಪದಗಳು ನಿಂತ ನೀರಾಗಿರಲಿಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಮದ್ರಾಸಿನ ಪ್ರಧಾನಿಯಾದಾಗ, 1937ರ ಅಕ್ಟೋಬರ್ 1ರಂದು, ಪಾನನಿಷೇಧವನ್ನು ಮೊದಲು ತಂದದ್ದು ಸೇಲಂ ಜಿಲ್ಲೆಗೆ, ಅಂದರೆ ಆಗಿನ ನಮ್ಮ ಜಿಲ್ಲೆಗೆ. ಅಜ್ಜಿಯ ಸರದಲ್ಲಿ ಹೆಂಡದಂಗಡಿ ಮುಚ್ಚಿದ ಒಂದು ಪದ ಸೇರಿಕೊಂಡಿತ್ತು. ದೇವರ ಪದಗಳ ನಡುವೆ ಅದನ್ನೂ ಅಷ್ಟೇ ಭಕ್ತಿಯಿಂದ ಹೇಳುತ್ತಿದ್ದಳು. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಸಾಕ್ಷರತಾ ಪುಸ್ತಕದ ಸೀತಮ್ಮನ ಕಥೆ ಓದಿ, ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ಬಂದಾಗ ನಮ್ಮೂರಿನ ತೆಲುಗು ಮನೆಗಳ ಹೆಂಗಸರು ತಿಂಗಳುಗಟ್ಟಲೆ ಅದನ್ನೇ ಮಾತಾಡಿದರು. ನನಗೆ ಮಾತ್ರ ಆ ಪಾಠದಲ್ಲಿ ಅಜ್ಜಿಯ ದನಿಯೇ ಕೇಳಿಸಿತು.

ಇಂಥ ಪದಗಳನ್ನು ಸಂಗ್ರಹಿಸಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ತಂದದ್ದು 1931ರಲ್ಲಿ. ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ, ಹಳ್ಳಿಯ ಹಾಡು' ಬಂದದ್ದು 1933ರಲ್ಲಿ. ಅಂಥವರು ಯಾರಾದರೂ ಬಂದು ತನ್ನ ಪದ ಬರೆದುಕೊಂಡ ನೆನಪು ಅಜ್ಜಿಗಿರಲಿಲ್ಲ. ನಾವಿದ್ದದ್ದು ಗೆರೆಯ ಆಚೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಪಕ್ಕದ ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಟಿಪ್ಪು ಬಿದ್ದ 1799ರಲ್ಲಿ ಹೊಸೂರೂ ಹೋಯಿತು. ಅಲ್ಲಿಂದ ನಾವು ಮೈಸೂರಿನ ನೆರೆಯವರೇ ಹೊರತು ಮನೆಯವರಲ್ಲ. ಅಜ್ಜಿ ಸೇಲಂ ಜಿಲ್ಲೆಯವಳಾಗಿ ಹುಟ್ಟಿದಳು. ನಾನು ಒಂದನೇ ತರಗತಿಗೆ ಸೇರಿದ 1965ರಲ್ಲಿ ನಮ್ಮದು ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ. ಮನೆ ಇದ್ದಲ್ಲೇ ಇದೆ.

ಇದರ ನಡುವೆ ಊರಿಗೆ ಹಿಟ್ಟಿನ ಗಿರಣಿ ಬಂತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ನಾಲ್ಕು ಗಂಟೆಯ ಆ ಹೊತ್ತು ಖಾಲಿಯಾಯಿತು. ನನ್ನ ಅವ್ವನಿಗೆ ಪದ ಅರ್ಧ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎರಡು ದಡಗಳ ನಡುವೆ ಅವಳ ತಲೆಮಾರು ಮಾತಿಲ್ಲದೆ ನಿಂತಿತು.

ನನಗೆ ಅಕ್ಷರ ಸಿಕ್ಕಿತು. ಕಾದಂಬರಿಗಾರ್ತಿ ತ್ರಿವೇಣಿಯನ್ನು ಓದಿದೆ. ನಂಜನಗೂಡು ತಿರುಮಲಾಂಬಾ ಅವರ ಬದುಕಿನ ವಿವರ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹದಿನಾಲ್ಕಕ್ಕೆ ವಿಧವೆಯಾದ ಹುಡುಗಿ 1913ರಲ್ಲಿ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆ ಹುಟ್ಟುಹಾಕಿ, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದಳು. ಆ ಹೆಸರಿನ 'ಸತಿ'ಯನ್ನು ನೋಡಿ ನನಗೆ ಹುಣಸೆಮರದ ಕೆಳಗಿನ ಕೈ ನೆನಪಾಯಿತು. ಅದೇ ಪದ. ಅಲ್ಲಿ ಅದನ್ನು ಸುಟ್ಟುಹೋದವಳ ಮೇಲೆ ಕೆತ್ತಿದ್ದರು, ಇಲ್ಲಿ ಬದುಕಿ ಉಳಿದವಳೊಬ್ಬಳು ತಾನೇ ಅಚ್ಚು ಹಾಕಿಸಿದ್ದಳು.

1981ರಲ್ಲಿ ನನಗೆ ಇಪ್ಪತ್ತೊಂದು. ಬೆಂಗಳೂರಿನಿಂದ ಹೊಸೂರಿಗೆ ನಲವತ್ತು ಕಿಲೋಮೀಟರ್, ಬಸ್ಸಿನಲ್ಲಿ ಬರುತ್ತಿದ್ದ ಅಣ್ಣ ಲಂಕೇಶ್ ಪತ್ರಿಕೆ ತರುತ್ತಿದ್ದ. ಅದರಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬರುತ್ತಿತ್ತು. ತಲಾಖ್ ಹೇಳಿದ ಗಂಡನನ್ನು ಮತ್ತೆ ಸೇರಲು ಇನ್ನೊಬ್ಬನನ್ನು ಮದುವೆಯಾಗಬೇಕಾದ ನಾದಿರಾಳ ಕಥೆ. ಮಧ್ಯಾಹ್ನ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತ ಹೆಂಗಸರಿಗೆ ನಾನು ಓದಿ ಹೇಳುತ್ತಿದ್ದೆ. ಪಕ್ಕದ ಓಣಿಯ ಉರ್ದು ಮಾತಿನ ಒಬ್ಬ ತಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಮೂರನೆಯ ವಾರ ಒಳಗೆ ಬಂದು ಕೂತರು. ಸಾರಾ ಹುಟ್ಟಿದ್ದು ಕಾಸರಗೋಡಿನಲ್ಲಿ. ಅವರದೂ ನಮ್ಮ ಹಾಗೆ ಗೆರೆಯ ಆಚೆ ಉಳಿದ ಕನ್ನಡ ಎಂಬುದು ನನಗೆ ಆಗ ದೊಡ್ಡ ಧೈರ್ಯ ಕೊಟ್ಟಿತು.

ನಮ್ಮ ಜಿಲ್ಲೆಗೆ ಒಂದು ಕೆಟ್ಟ ಹೆಸರೂ ಇತ್ತು. ಹೆಣ್ಣುಕೂಸನ್ನು ಕೊಲ್ಲುವ ಜಿಲ್ಲೆಗಳೆಂದು ಸೇಲಂ, ಧರ್ಮಪುರಿಗಳನ್ನು ಪತ್ರಿಕೆಗಳು ಬರೆದವು, ಅದು ಸುಳ್ಳಲ್ಲ. 1990ರ ದಶಕದ ಕೊನೆಯಲ್ಲಿ ಆರೋಗ್ಯ ಇಲಾಖೆಯವರು ಡೆನ್ಮಾರ್ಕಿನ ನೆರವಿನಿಂದ 'ಕಲೈ ಪಯಣಂ' ಎಂಬ ಬೀದಿನಾಟಕದ ತಂಡಗಳನ್ನು ಹಳ್ಳಿಹಳ್ಳಿಗೆ ಕಳಿಸಿದರು. ಆ ಊರು ಈ ಊರಿನ ಹುಡುಗ ಹುಡುಗಿಯರೇ ಆಡಿದರು, ತಮಿಳಿನಲ್ಲಿ. ನಾನು ನೋಡಿದ ದಿನ ಆಟ ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಮರುದಿನ ಶಾಲೆಯಲ್ಲಿ ನಾನು ಸಂಚಿ ಹೊನ್ನಮ್ಮನ ಪಾಠ ತೆಗೆದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಹೆಂಗಸು 'ಹದಿಬದೆಯ ಧರ್ಮ'ದಲ್ಲಿ, ಪತಿವ್ರತೆಗೆ ಉಪದೇಶ ಹೇಳುತ್ತ ಹೇಳುತ್ತಲೇ, ಹೆಣ್ಣನ್ನು ಕೀಳೆಂದು ಹಳಿಯುವವರನ್ನು ಗದರಿಸಿದ್ದಾಳೆ. ಮುನ್ನೂರು ವರ್ಷ ಹಳೆಯ ಆ ಪದ್ಯವನ್ನು ನನ್ನ ತರಗತಿಯ ಹನ್ನೆರಡು ಹುಡುಗಿಯರು ದನಿ ಏರಿಸಿ ಓದಿದರು. ಹೊನ್ನಮ್ಮ ಇಡಿಯಾಗಿ ನಮ್ಮ ಕಾಲದವಳಲ್ಲ, ಆದರೂ ಆ ಒಂದು ಮಾತಿಗೆ ನಾನು ಋಣಿ.

ನಮ್ಮ ಸೀಮೆಯ ಕನ್ನಡ ಶಾಲೆಗಳು ಈಗ ಸೊರಗಿವೆ. 2006ರ ಕಾನೂನು ತಮಿಳನ್ನು ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯ ಮಾಡಿತು. ತಮಿಳಿನ ಮೇಲೆ ನನಗೆ ಮುನಿಸಿಲ್ಲ. ಆದರೆ ಅಜ್ಜಿಯ ಪದಕ್ಕೆ ಬೇಕಾದ ಕಿವಿ ಕಡಿಮೆಯಾಗಿದೆ. ಅಜ್ಜಿ ಬೀಸುತ್ತಿದ್ದ ಹೊತ್ತಿಗೆ ಈಗ ನಮ್ಮ ಹೆಣ್ಣುಮಕ್ಕಳು ಬಾಗಲೂರು, ಬೇರಿಕೆ ಕಡೆಯ ಹಸಿರುಮನೆಗಳಲ್ಲಿ ಗುಲಾಬಿ ಕೊಯ್ಯಲು ಹೊರಟಿರುತ್ತಾರೆ. ಹಾಡು ಮೊಬೈಲಿನಲ್ಲಿ ಇರುತ್ತದೆ.

ಕಳೆದ ಸಂಕ್ರಾಂತಿಗೆ ಅಣ್ಣನ ಮೊಮ್ಮಗಳು ಒಂದು ನೋಟುಪುಸ್ತಕ ಹಿಡಿದು ಬಂದಳು. "ಬೀಸೋ ಪದ ಹೇಳು ಅಜ್ಜಿ, ಬರ್ಕೊಳ್ತೀನಿ" ಅಂದಳು. ಬೀಸುಕಲ್ಲಿನ ಮೇಲಿನ ಹೋಳು ತುಳಸಿಕಟ್ಟೆಯ ಪಕ್ಕ ಬಿದ್ದಿತ್ತು. ಅದರ ಮೇಲೆ ಕೂತು ನನಗೆ ನೆನಪಿದ್ದ ಇಪ್ಪತ್ತಾರು ಪದ ಹೇಳಿದೆ, ಬಾವಿಕಟ್ಟೆಯದನ್ನೂ. ಮುಗಿದ ಮೇಲೆ ಪುಸ್ತಕ ಇಸಿದುಕೊಂಡು ನೋಡಿದೆ. ಪದವೆಲ್ಲ ಕನ್ನಡ, ಅಕ್ಷರವೆಲ್ಲ ತಮಿಳು. ಅವಳಿಗೆ ಬರುವುದು ಅದೊಂದೇ. ನನ್ನ ಕಣ್ಣು ತುಂಬಿದ್ದು ಕಂಡು ಅವಳು ಗಾಬರಿಯಾಗಿ, ತಪ್ಪು ಬರೆದೆನೇ ಎಂದು ಕೇಳಿದಳು. ಇಲ್ಲ ಎಂದೆ. ಮೊದಲ ಪುಟದಲ್ಲಿ ಪದ ಕಟ್ಟಿದವಳ ಹೆಸರು ಬರೆಯಬೇಕಲ್ಲ ಎಂದಳು. ಅಜ್ಜಿಯ ಹೆಸರು ಹೇಳಿದೆ, ಬರೆದುಕೊಂಡಳು.